ದಾವಣಗೆರೆಯಲ್ಲೇ ಕೂತು ಪೈಲಟ್ ಪರೀಕ್ಷೆಗೆ ಓದೋದು: ಯಾವ ಪೇಪರ್ ಮನೆಯಲ್ಲಿ, ಯಾವುದಕ್ಕೆ ಕ್ಲಾಸು

ಪಿಯುಸಿ ಫಲಿತಾಂಶ ಬಂದ ಮೇಲೆ ದಾವಣಗೆರೆ, ಚಿತ್ರದುರ್ಗ ಕಡೆಯ ಕೆಲವು ಮನೆಗಳಲ್ಲಿ ಈಗೀಗ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ. ಮಗನಿಗೋ ಮಗಳಿಗೋ ಪೈಲಟ್ ಆಗುವ ಆಸೆ. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕಾದರೆ ಹಾರಾಟದ ಜೊತೆಗೆ ಥಿಯರಿ ಪರೀಕ್ಷೆಗಳನ್ನೂ ಪಾಸಾಗಬೇಕು. ಅದಕ್ಕೆ ಬೆಂಗಳೂರಿಗೋ ದೆಹಲಿಯ ದ್ವಾರಕಾಗೋ ಹೋಗಿ ಗ್ರೌಂಡ್ ಸ್ಕೂಲ್, ಅಂದರೆ ಥಿಯರಿ ಹೇಳಿಕೊಡುವ ಕೋಚಿಂಗ್, ಸೇರಲೇಬೇಕಾ? ಮನೆಯಲ್ಲೇ ಓದಿದರೆ ಆಗಲ್ವಾ?

ಆಗುತ್ತದೆ. ಆದರೆ ಎಲ್ಲ ಪೇಪರಿಗೂ ಅಲ್ಲ, ಎಲ್ಲರಿಗೂ ಅಲ್ಲ.

ನಮ್ಮ ದೇಶದಲ್ಲಿ ಈ ಪರೀಕ್ಷೆ ನಡೆಸುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ನೀವು ಯಾವ ಕೋಚಿಂಗಿನಲ್ಲಿ ಓದಿದಿರಿ ಅಂತ ಅದು ಕೇಳುವುದಿಲ್ಲ. ಯುರೋಪಿನಲ್ಲಿ ಹಾಗಿಲ್ಲ, ಅಲ್ಲಿ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಥಿಯರಿ ಕೋರ್ಸ್ ಮಾಡಲೇಬೇಕು. ಅಮೆರಿಕದಲ್ಲಿ ಮನೆಯಲ್ಲಿ ಓದಬಹುದು, ಆದರೆ ಪರೀಕ್ಷೆಗೆ ಕೂರುವ ಮುಂಚೆ ಒಬ್ಬ ಬೋಧಕ ನಿಮ್ಮ ಓದನ್ನು ನೋಡಿ ಸಹಿ ಹಾಕಬೇಕು. ಇಂಟರ್ನೆಟ್ಟಿನಲ್ಲಿ ಈ ಬಗ್ಗೆ ಸಿಗುವ ಸಲಹೆಗಳಲ್ಲಿ ಎಷ್ಟೋ ಆ ದೇಶಗಳವು. ಓದುವಾಗ ಇದು ನೆನಪಿರಲಿ.

ನನ್ನ ಹತ್ತಿರ ಗಣಿತ, ಭೌತಶಾಸ್ತ್ರ ಹೇಳಿಸಿಕೊಳ್ಳಲು ಬರುವ ಹುಡುಗರಲ್ಲಿ ಪೈಲಟ್ ಆಗಬೇಕು ಅನ್ನುವವರೂ ಇರುತ್ತಾರೆ. ಅವರಿಗೆ ನಾನು ಹೇಳುವುದು ಒಂದೇ ಮಾತು. ಪೂರ್ತಿ ಮನೆಯಲ್ಲೋ ಪೂರ್ತಿ ಕ್ಲಾಸಿನಲ್ಲೋ ಅಂತ ಯೋಚಿಸಬೇಡಿ. ಒಂದೊಂದು ಪೇಪರಿಗೂ ಬೇರೆ ಬೇರೆ ತೀರ್ಮಾನ ಮಾಡಿ. ಯಾವ ಕ್ರಮದಲ್ಲಿ ಅಂತ ಕೆಳಗೆ ಬರೆದಿದ್ದೇನೆ.

1. ಪುಸ್ತಕಕ್ಕಿಂತ ಮೊದಲು ಮೆಡಿಕಲ್

ವರ್ಷಗಟ್ಟಲೆ ಓದಿ ಆಮೇಲೆ ಮೆಡಿಕಲ್‌ನಲ್ಲಿ ಸಿಕ್ಕಿಹಾಕಿಕೊಳ್ಳುವುದು ಬೇಡ. ಮೊದಲು ಕ್ಲಾಸ್ 2 ಮೆಡಿಕಲ್, ಅಂದರೆ ಪೈಲಟ್ ಆಗುವವರ ಮೊದಲ ಹಂತದ ಆರೋಗ್ಯ ತಪಾಸಣೆ, ಮಾಡಿಸಿ. ಅದನ್ನು ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರೇ ಮಾಡಬೇಕು, ನಮ್ಮ ಓಣಿಯ ಡಾಕ್ಟರ್ ಬರೆದುಕೊಟ್ಟ ಚೀಟಿ ನಡೆಯುವುದಿಲ್ಲ. ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ ಕ್ಲಾಸ್ 1 ಅದರ ನಂತರ. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿರುವ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಅದನ್ನು ಮಾಡುವ ಕೇಂದ್ರಗಳಲ್ಲಿ ಒಂದು.

ಕನ್ನಡಕ ಇದೆ ಅಂದ ಮಾತ್ರಕ್ಕೆ ಆಸೆ ಬಿಡಬೇಕಾಗಿಲ್ಲ. ಬಣ್ಣ ಗುರುತಿಸುವುದರಲ್ಲಿ ತೊಂದರೆ ಇದ್ದರೆ ಮಾತ್ರ ವಿಷಯ ಗಂಭೀರ. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಓದಿಸುವ ಇಶಿಹಾರಾ ಪರೀಕ್ಷೆಯನ್ನು ಊರಿನಲ್ಲೇ ಕಣ್ಣಿನ ಡಾಕ್ಟರ ಹತ್ತಿರ ಮೊದಲೇ ಮಾಡಿಸಿ ನೋಡಿ. ಸುಮ್ನೆ ಅರ್ಧ ಗಂಟೆಯ ಕೆಲಸ.

2. ಹೆಸರು, ಅಂಕಪಟ್ಟಿ, ಕಂಪ್ಯೂಟರ್ ನಂಬರ್

ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕು ಅನ್ನುವುದು ನಿಯಮ. ಕಾಮರ್ಸ್ ಓದಿದವರು ಈ ಎರಡು ವಿಷಯಗಳನ್ನು ಎನ್‌ಐಒಎಸ್ ಮೂಲಕ, ಅಂದರೆ ರಾಷ್ಟ್ರೀಯ ಮುಕ್ತ ಶಾಲೆಯಿಂದ, ಬರೆದು ಬರುವುದುಂಟು. ಲೈಸೆನ್ಸ್ ಕೈಗೆ ಬರಲು 18 ವರ್ಷ ತುಂಬಿರಬೇಕು. ಸ್ಟೂಡೆಂಟ್ ಪೈಲಟ್ ಲೈಸೆನ್ಸಿಗೆ 16 ಸಾಕು.

ಪರೀಕ್ಷೆಗೆ ಅರ್ಜಿ ಹಾಕಬೇಕಾದರೆ ಮೊದಲು ಡಿಜಿಸಿಎಯಿಂದ ಕಂಪ್ಯೂಟರ್ ನಂಬರ್, ಅಂದರೆ ಅಭ್ಯರ್ಥಿಯ ಗುರುತಿನ ಸಂಖ್ಯೆ, ಪಡೆಯಬೇಕು. ನಮ್ಮ ಕಡೆಯವರಿಗೆ ಇಲ್ಲೊಂದು ತಾಪತ್ರಯ ಇದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್. ಆಧಾರಿನಲ್ಲಿ ಇನಿಷಿಯಲ್ಲೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಎರಡೂ. ಮೂರು ಕಡೆ ಮೂರು ಥರ ಇದ್ದರೆ ಅರ್ಜಿ ವಾಪಸ್ ಬರುವುದು, ಮತ್ತೆ ಹಾಕುವುದು, ಅಷ್ಟರಲ್ಲಿ ಒಂದು ಸಲದ ಪರೀಕ್ಷೆ ಕೈತಪ್ಪುವುದು ಇದೆಲ್ಲ ಆಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಆಧಾರವಾಗಿಟ್ಟು ಉಳಿದ ದಾಖಲೆ ಸರಿಮಾಡಿಸಿ. ಓದು ಶುರುವಾದ ದಿನವೇ ಈ ಕೆಲಸವೂ ಶುರುವಾಗಲಿ.

3. ಒಂದು ತಿಂಗಳು ದುಡ್ಡು ಕಟ್ಟದೆ ಓದಿ ನೋಡಿ

ನೀವು ಒಬ್ಬರೇ ಕೂತು ಓದುವ ಜಾತಿಯಾ ಅಲ್ವಾ ಅನ್ನುವುದನ್ನು ತಿಳಿಯಲು ಬೇರೆ ದಾರಿ ಇಲ್ಲ. ರೆಸಿಡೆನ್ಷಿಯಲ್ ಪಿಯು ಕಾಲೇಜಿನಲ್ಲಿ ಬೆಳಗ್ಗೆ ಐದಕ್ಕೆ ಬೆಲ್ ಹೊಡೆದಾಗ ಎದ್ದು ಓದಿದವರಿಗೆ ಬೆಲ್ ಇಲ್ಲದೆ ಓದುವುದು ಹೊಸ ಅನುಭವ.

ಸಾಮಗ್ರಿ ಉಚಿತವಾಗಿ ಸಿಗುತ್ತದೆ. ನಿಯಮಗಳು ಡಿಜಿಸಿಎ ವೆಬ್‌ಸೈಟಿನಲ್ಲಿವೆ. ದೇಶದ ವಿಮಾನ ನಿಲ್ದಾಣ, ಮಾರ್ಗ, ವಾಯುಪ್ರದೇಶದ ವಿವರ ಇರುವ ಎಐಪಿ ಅನ್ನುವ ದಾಖಲೆಯನ್ನು ವಿಮಾನ ನಿಲ್ದಾಣ ಪ್ರಾಧಿಕಾರ ಹಾಕಿದೆ. ಅಮೆರಿಕದ ವಿಮಾನಯಾನ ಇಲಾಖೆಯಾದ ಎಫ್‌ಎಎ ಪೈಲಟ್‌ಗಳಿಗಾಗಿ ಹೊರತಂದ ಕೈಪಿಡಿಗಳನ್ನು ಡೌನ್‌ಲೋಡ್ ಮಾಡಿಕೊಳ್ಳಬಹುದು. ಚಿತ್ರಗಳು ತುಂಬಾ ಚೆನ್ನಾಗಿವೆ. ಆದರೆ ಅದರಲ್ಲಿರುವ ನಿಯಮ ಅಮೆರಿಕದ್ದು. ವಿಮಾನ ಹೇಗೆ ಹಾರುತ್ತದೆ ಅನ್ನುವುದಕ್ಕೆ ಮಾತ್ರ ಅದನ್ನು ಬಳಸಿ.

ಹವಾಮಾನ ವಿಷಯ ತೆಗೆದುಕೊಂಡು ದಿನಕ್ಕೆ ಎರಡು ಗಂಟೆ ಓದಿ. ತಿಂಗಳ ಕೊನೆಗೆ ಒಂದು ಮಾದರಿ ಪ್ರಶ್ನೆಪತ್ರಿಕೆ ಬರೆಯಿರಿ. ಪಾಸಾಗಲು ನೂರಕ್ಕೆ 70 ಬೇಕು, ತಪ್ಪಿಗೆ ಅಂಕ ಕಳೆಯುವುದಿಲ್ಲ. ಎಷ್ಟು ಬಂತು ಅನ್ನುವುದಕ್ಕಿಂತ ಯಾಕೆ ಕಡಿಮೆ ಬಂತು ಅಂತ ನೋಡಿ. ಕೂತು ಓದೇ ಇಲ್ಲವಾದರೆ ನಿಮಗೆ ಬೇಕಿರುವುದು ವೇಳಾಪಟ್ಟಿ, ಹಾಜರಿ ತೆಗೆಯುವ ಕ್ಲಾಸು. ದಿನಾ ಓದಿಯೂ ತಲೆಗೆ ಹತ್ತದಿದ್ದರೆ ಬೇಕಿರುವುದು ಹೇಳಿಕೊಡುವ ಒಬ್ಬ ಮೇಷ್ಟ್ರು. ಇವೆರಡೂ ಒಂದೇ ಅಲ್ಲ. ಎಷ್ಟೋ ಗ್ರೌಂಡ್ ಸ್ಕೂಲುಗಳಲ್ಲಿ ಮೊದಲನೆಯದು ಸಿಗುತ್ತದೆ, ಎರಡನೆಯದು ಸಿಗುವುದಿಲ್ಲ.

ಕನ್ನಡ ಮಾಧ್ಯಮದವರಿಗೆ ಒಂದು ಮಾತು. ಪರೀಕ್ಷೆ ಇಂಗ್ಲಿಷಿನಲ್ಲೇ. ಇಂಗ್ಲಿಷಿನಲ್ಲಿ ಓದಿ, ಪುಸ್ತಕ ಮುಚ್ಚಿ, ಅದನ್ನೇ ಕನ್ನಡದಲ್ಲಿ ತಮ್ಮನಿಗೋ ತಂಗಿಗೋ ವಿವರಿಸಿ. ಎಲ್ಲಿ ಮಾತು ನಿಲ್ಲುತ್ತದೋ ಅಲ್ಲಿ ಅರ್ಥವಾಗಿಲ್ಲ. ಇದು ಯಾವ ಕ್ಲಾಸಿನಲ್ಲೂ ಸಿಗದ ಪರೀಕ್ಷೆ.

4. ಪೇಪರ್ ಪೇಪರಿಗೆ ತೀರ್ಮಾನ

*ಏರ್ ರೆಗ್ಯುಲೇಶನ್ಸ್: ಮನೆಯಲ್ಲೇ.* ಇದು ಓದಿ ನೆನಪಿಡುವ ವಿಷಯ. ಇದಕ್ಕೆ ಕ್ಲಾಸಿಗೆ ದುಡ್ಡು ಕೊಡುವುದು ನನ್ನ ಲೆಕ್ಕದಲ್ಲಿ ದಂಡ. ಎದುರುಬದುರು ಬಂದರೆ ಇಬ್ಬರೂ ಬಲಕ್ಕೆ ತಿರುಗಬೇಕು. ದಾರಿಗಳು ಅಡ್ಡ ಹಾಯುವಾಗ ಯಾರ ಬಲಗಡೆ ಇನ್ನೊಂದು ವಿಮಾನ ಇದೆಯೋ ಅವರು ದಾರಿ ಬಿಡಬೇಕು. 10,000 ಅಡಿಯ ಕೆಳಗೆ ಹೊರಗಿನದನ್ನು ಕಣ್ಣಿನಲ್ಲೇ ನೋಡಿಕೊಂಡು ಹಾರುವಾಗ 5 ಕಿಲೋಮೀಟರ್ ಕಾಣುವಂತಿರಬೇಕು. ಇಂಥವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ದಿನಾ ತಿರುವಿ ಹಾಕಿದರೆ ಸಾಕು.

ಎಚ್ಚರ ಇರಬೇಕಾದ್ದು ಹಳೇ ಪುಸ್ತಕಗಳ ಬಗ್ಗೆ. ಸೀನಿಯರ್ ಕೊಟ್ಟ ಪ್ರಶ್ನೆಸಂಗ್ರಹದಲ್ಲಿ 1934ರ ಏರ್‌ಕ್ರಾಫ್ಟ್ ಆಕ್ಟ್ ಅಂತ ಇರುತ್ತದೆ. ಅದರ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ 2024 ಬಂದಿದೆ, 2025ರ ಜನವರಿ 1ರಿಂದ ಜಾರಿಯಲ್ಲಿದೆ. ಪುಸ್ತಕ ಯಾವ ವರ್ಷದ್ದು ನೋಡಿ, ಅನುಮಾನ ಬಂದದ್ದನ್ನು ಡಿಜಿಸಿಎ ವೆಬ್‌ಸೈಟಿನಲ್ಲಿ ತಾಳೆ ಹಾಕಿ.

ನಿಷೇಧಿತ ಪ್ರದೇಶ, ನಿರ್ಬಂಧಿತ ಪ್ರದೇಶ, ನೋಟಾಮ್ ಇವೆಲ್ಲ ಪುಸ್ತಕದಲ್ಲಿ ಒಣಒಣವಾಗಿರುತ್ತವೆ. ನಮಗೆ ಪಕ್ಕದಲ್ಲೇ ಉದಾಹರಣೆ ಇದೆ. ಚಳ್ಳಕೆರೆ ಹತ್ತಿರ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಇದೆ, 2017ರಲ್ಲಿ ಉದ್ಘಾಟನೆಯಾದದ್ದು. 2023ರ ಏಪ್ರಿಲ್ಲಿನಲ್ಲಿ ಒಮ್ಮೆ, 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಇಸ್ರೋ ತನ್ನ ರೆಕ್ಕೆಯ ಮರುಬಳಕೆ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಿಂದ ಸುಮಾರು 4.5 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟು ಅಲ್ಲಿನ ರನ್‌ವೇ ಮೇಲೆ ಇಳಿಸಿತು. ಇಂಥ ಪ್ರಯೋಗದ ಹೊತ್ತಿನಲ್ಲಿ ಬೇರೆ ವಿಮಾನ ಅಲ್ಲಿ ಸುಳಿಯಬಾರದಲ್ವಾ? ಆ ಸೂಚನೆ ಪೈಲಟ್‌ಗಳಿಗೆ ತಲುಪುವ ದಾರಿಯೇ ನೋಟಾಮ್.

*ಹವಾಮಾನ: ಮನೆಯಲ್ಲೇ, ಆದರೆ ಆಕಾಶ ನೋಡುತ್ತಾ.* ಬೆಂಗಳೂರು ವಿಮಾನ ನಿಲ್ದಾಣದ ಹವಾಮಾನ ವರದಿ, ಅಂದರೆ ಮೆಟಾರ್, ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದು. ದಿನಾ ಒಂದನ್ನು ಬಿಡಿಸಿ. ಅದರಲ್ಲಿ 27012 ಅಂತ ಇದ್ದರೆ ಗಾಳಿ 270 ಡಿಗ್ರಿಯಿಂದ, ಅಂದರೆ ಪಶ್ಚಿಮದಿಂದ, 12 ನಾಟ್ (ಗಂಟೆಗೆ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್) ವೇಗದಲ್ಲಿ ಬರುತ್ತಿದೆ. ಸಮಯ 0900 ಅಂತಿದ್ದರೆ ಅದು ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಎರಡೂವರೆ, ಯಾಕಂದರೆ ವರದಿ ಬರೆಯುವುದು ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿ, ನಾವು ಐದೂವರೆ ಗಂಟೆ ಮುಂದೆ. ಕೆಲವೇ ವಾರಗಳಲ್ಲಿ ಇದು ಬಸ್ಸಿನ ಬೋರ್ಡ್ ಓದಿದಷ್ಟು ಸಲೀಸಾಗುತ್ತದೆ.

ಏಪ್ರಿಲ್, ಮೇ ತಿಂಗಳ ಸಂಜೆ ಕ್ಯುಮುಲೋನಿಂಬಸ್, ಅಂದರೆ ಗುಡುಗು ಮಿಂಚಿನ ಮೋಡ ಹುಟ್ಟುವುದನ್ನು ಮಹಡಿ ಮೇಲಿಂದಲೇ ನೋಡಬಹುದು. ಮಧ್ಯಾಹ್ನ ಹೂಕೋಸಿನ ಥರ ಮೇಲೇಳುವ ಮೋಡ ಸಂಜೆಗೆ ತಲೆ ಚಪ್ಪಟೆ ಮಾಡಿಕೊಂಡು ಹರಡುತ್ತದೆ. ಮಳೆ ಬೀಳುವ ಮೊದಲು ತಣ್ಣನೆ ಗಾಳಿ ಒಮ್ಮೆಲೇ ಬೀಸಿ ಧೂಳೆಬ್ಬಿಸುತ್ತದೆ. ಮೋಡದಿಂದ ಕೆಳಗೆ ನುಗ್ಗಿ ನೆಲಕ್ಕೆ ಬಡಿದು ಹರಡಿದ ಗಾಳಿ ಅದು. ಇಳಿಯುತ್ತಿರುವ ವಿಮಾನಕ್ಕೆ ಅದೇ ಅಪಾಯ. ಪುಸ್ತಕದ ಆ ಪುಟವನ್ನು ಅಂಥ ದಿನ ಓದಿ. ಜೂನ್ ಮೇಲೆ ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರಗಳು ಯಾವ ದಿಕ್ಕಿಗೆ ಮುಖ ಮಾಡಿವೆ ಅಂತ ಚಿತ್ರದುರ್ಗದವರು ಗಮನಿಸಿ. ಪಶ್ಚಿಮದ ಕಡೆಗೆ.

*ನ್ಯಾವಿಗೇಶನ್: ಇದಕ್ಕೆ ಮೇಷ್ಟ್ರು ಬೇಕು.* ಹುಡುಗರು ಹೆಚ್ಚು ಒದ್ದಾಡುವುದು ಇಲ್ಲೇ. ಗಣಿತ ಕಷ್ಟ ಅಂತಲ್ಲ, ಪಿಯುಸಿ ಗಣಿತಕ್ಕಿಂತ ಸುಲಭ. ಚಿಹ್ನೆ ತಪ್ಪುತ್ತದೆ, ಎಡ-ಬಲ ತಪ್ಪುತ್ತದೆ, ಎಲ್ಲಿ ತಪ್ಪಿತು ಅಂತ ಒಬ್ಬರೇ ಹುಡುಕಿದರೆ ಸಿಗುವುದಿಲ್ಲ. ಒಂದು ಲೆಕ್ಕ ನೋಡಿ.

ದಾವಣಗೆರೆಯಿಂದ ಚಿತ್ರದುರ್ಗ ಆಕಾಶದಲ್ಲಿ ನೇರವಾಗಿ ಸುಮಾರು 31 ನಾಟಿಕಲ್ ಮೈಲಿ, ದಿಕ್ಕು ಉತ್ತರದಿಂದ ಬಲಕ್ಕೆ ಅಳೆದರೆ ಸುಮಾರು 116 ಡಿಗ್ರಿ. ವಿಮಾನದ ವೇಗ 90 ನಾಟ್. ಮುಂಗಾರಿನ ಗಾಳಿ 270 ಡಿಗ್ರಿಯಿಂದ 25 ನಾಟ್. ಗಾಳಿ ಬಹುಪಾಲು ಹಿಂದಿನಿಂದ ತಳ್ಳುತ್ತದೆ, ಆ ಪಾಲು ಸುಮಾರು 22 ನಾಟ್. ಉಳಿದ 11 ನಾಟ್ ವಿಮಾನವನ್ನು ಎಡಕ್ಕೆ ಸರಿಸುತ್ತದೆ. ಅದನ್ನು ಸರಿದೂಗಿಸಲು ಮೂತಿಯನ್ನು ಸುಮಾರು 7 ಡಿಗ್ರಿ ಬಲಕ್ಕೆ, ಅಂದರೆ 123ಕ್ಕೆ ಇಡಬೇಕು. ನೆಲದ ಮೇಲಿನ ವೇಗ ಸುಮಾರು 112 ನಾಟ್, 17 ನಿಮಿಷದಲ್ಲಿ ಚಿತ್ರದುರ್ಗ. ವಾಪಸ್ ಬರುವಾಗ ಅದೇ ಗಾಳಿ ಎದುರಿಗೆ. ವೇಗ 67 ನಾಟಿಗೆ ಇಳಿಯುತ್ತದೆ, 28 ನಿಮಿಷ ಬೇಕು. ಹೋಗಿಬರುವುದು ಒಟ್ಟು 45 ನಿಮಿಷ. ಗಾಳಿಯೇ ಇಲ್ಲದಿದ್ದರೆ 41ರಲ್ಲಿ ಮುಗಿಯುತ್ತಿತ್ತು. ಹೋಗುವಾಗ ಉಳಿಸಿದ್ದು ಬರುವಾಗ ಸರಿಹೋಗುತ್ತದೆ ಅಂದುಕೊಂಡವರು ಇಂಧನದ ಲೆಕ್ಕದಲ್ಲಿ ಎಡವುತ್ತಾರೆ.

ಈ ಲೆಕ್ಕವನ್ನು ನೀವೇ ಕಾಗದದ ಮೇಲೆ ಬಿಡಿಸಿ ನೋಡಿ. ಸರಿಬಂದರೆ ಮನೆಯಲ್ಲೇ ಮುಂದುವರಿಯಬಹುದು. 7 ಡಿಗ್ರಿಯನ್ನು ಎಡಕ್ಕೆ ಕೊಟ್ಟು 109 ಬರೆದರೆ ಕ್ಲಾಸ್ ಸೇರಿ, ಅಥವಾ ಊರಿನಲ್ಲೇ ವೆಕ್ಟರ್ ಚೆನ್ನಾಗಿ ಹೇಳಿಕೊಡುವ ಉಪನ್ಯಾಸಕರನ್ನು ಹಿಡಿಯಿರಿ. ಈ ಪೇಪರಿನ ಮೊದಲ ಅರ್ಧಕ್ಕೆ ಪೈಲಟ್ಟೇ ಪಾಠ ಹೇಳಬೇಕಾಗಿಲ್ಲ. ಸಮಯದ ಲೆಕ್ಕವೂ ಹಾಗೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಚಿತ್ರದುರ್ಗ ಇರುವುದು ಸುಮಾರು 76.4ರಲ್ಲಿ. ಡಿಗ್ರಿಗೆ 4 ನಿಮಿಷದಂತೆ ಅಲ್ಲಿನ ಸೂರ್ಯ ಗಡಿಯಾರಕ್ಕಿಂತ 24 ನಿಮಿಷ ಹಿಂದೆ. ಇದು ಪಿಯುಸಿ ಮೇಷ್ಟ್ರಿಗೂ ಬರುತ್ತದೆ. ಆದರೆ ರೇಡಿಯೋ ಸಾಧನಗಳು, ಚಾರ್ಟ್ ಓದುವುದು, ಫ್ಲೈಟ್ ಕಂಪ್ಯೂಟರ್ ಅನ್ನುವ, ಕೈಯಲ್ಲಿ ತಿರುಗಿಸಿ ಲೆಕ್ಕ ಹಾಕುವ ಬಿಲ್ಲೆಯನ್ನು ಬಳಸುವುದು ಇವಕ್ಕೆ ಗೊತ್ತಿದ್ದವರೇ ಬೇಕು.

*ಟೆಕ್ನಿಕಲ್ ಜನರಲ್: ಭೌತಶಾಸ್ತ್ರ ಇಷ್ಟವಾಗಿದ್ದವರಿಗೆ ಮನೆಯಲ್ಲೇ.* ಸೂತ್ರ ಕಂಠಪಾಠ ಮಾಡುವ ಬದಲು ಊರಿನ ಅಂಕಿ ಹಾಕಿ ನೋಡಿ. ದಾವಣಗೆರೆ ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 2,000 ಅಡಿ. ಆ ಎತ್ತರಕ್ಕೆ ಪುಸ್ತಕದ ಪ್ರಕಾರ ಉಷ್ಣಾಂಶ 11 ಡಿಗ್ರಿ ಇರಬೇಕು. ಏಪ್ರಿಲ್ ಮಧ್ಯಾಹ್ನ 38 ಇದೆ ಅನ್ನಿ. ವ್ಯತ್ಯಾಸ 27, ಡಿಗ್ರಿಗೆ 120 ಅಡಿಯಂತೆ 3,240 ಅಡಿ. ಇದನ್ನು ಊರಿನ 2,000 ಅಡಿಗೆ ಕೂಡಿಸಿ. ಅಂದರೆ ನೆಲದ ಮೇಲೆ ನಿಂತ ವಿಮಾನಕ್ಕೆ ಸುಮಾರು 5,200 ಅಡಿ ಎತ್ತರದ ತೆಳು ಗಾಳಿ ಸಿಗುತ್ತದೆ. ಎಂಜಿನ್ ಶಕ್ತಿ ಕಡಿಮೆ, ರನ್‌ವೇ ಜಾಸ್ತಿ ಬೇಕು. ತರಬೇತಿ ವಿಮಾನಗಳು ಬೇಸಿಗೆಯಲ್ಲಿ ಬೆಳಗ್ಗೆ ಬೇಗ ಹಾರಲು ಇದೂ ಒಂದು ಕಾರಣ.

*ಟೆಕ್ನಿಕಲ್ ಸ್ಪೆಸಿಫಿಕ್: ಈಗ ಬೇಡ.* ಇದು ನೀವು ಹಾರಿಸುವ ವಿಮಾನದ ಬಗ್ಗೆ. ಎಲ್ಲಿ ಸೇರುತ್ತೀರಿ, ಅಲ್ಲಿ ಸೆಸ್ನಾ ಇದೆಯೋ ಡೈಮಂಡ್ ಇದೆಯೋ ಅಂತ ಗೊತ್ತಾದ ಮೇಲೆ ಆ ವಿಮಾನದ ಕೈಪಿಡಿ ಇಟ್ಟುಕೊಂಡೇ ಓದಿ.

*ಆರ್‌ಟಿಆರ್: ಒಬ್ಬರೇ ಓದುವುದಕ್ಕೆ ಬರುವುದಿಲ್ಲ.* ರೇಡಿಯೋದಲ್ಲಿ ಮಾತಾಡುವ ಅರ್ಹತೆಯ ಪರೀಕ್ಷೆ ಇದು. ಮೊದಲು ದೂರಸಂಪರ್ಕ ಇಲಾಖೆಯ ಕೈಯಲ್ಲಿತ್ತು, ಹೊಸ ಕಾಯ್ದೆಯ ಮೇಲೆ ಡಿಜಿಸಿಎಗೆ ಬಂದಿದೆ. ಹಾಗಾಗಿ ಹಳೇ ಟಿಪ್ಪಣಿ ನಂಬಿ ಕೂರಬೇಡಿ, ಹೊಸ ಸೂಚನೆ ಓದಿ. ವಿಮಾನದ ಟ್ರಾನ್ಸ್‌ಪಾಂಡರಿನಲ್ಲಿ ಹಾಕಿ ರೇಡಾರಿಗೆ ತೋರಿಸುವ ಸಂಕೇತಗಳಲ್ಲಿ 7700 ತುರ್ತು, 7600 ರೇಡಿಯೋ ಕೆಟ್ಟಿದೆ, 7500 ಅಪಹರಣ, ತುರ್ತು ತರಂಗಾಂತರ 121.5. ಇಷ್ಟನ್ನು ಯಾರು ಬೇಕಾದರೂ ಬಾಯಿಪಾಠ ಮಾಡಬಹುದು. ಕಷ್ಟ ಇರುವುದು ಕಿವಿಯಲ್ಲಿ. ಎದುರಿನವರು ಗಡಗಡ ಹೇಳಿದ್ದರಲ್ಲಿ ಎತ್ತರ, ದಿಕ್ಕು, ತರಂಗಾಂತರ ಮೂರನ್ನೂ ಹಿಡಿದು ತಪ್ಪಿಲ್ಲದೆ ವಾಪಸ್ ಹೇಳಬೇಕು. ಒಂಬತ್ತಕ್ಕೆ 'ನೈನರ್' ಅನ್ನಬೇಕು, ಮೂರಕ್ಕೆ 'ಟ್ರೀ'. ಊರಿನಲ್ಲಿ ಓದುವ ಇನ್ನೊಬ್ಬರನ್ನು ಹುಡುಕಿ ದಿನಾ ಸಂಜೆ ಫೋನಿನಲ್ಲಿ ಅಭ್ಯಾಸ ಮಾಡಿ. ಒಬ್ಬರು ಟವರ್, ಒಬ್ಬರು ಪೈಲಟ್. ಕೊನೆಗೆ ಒಂದು ಚಿಕ್ಕ ಕ್ಲಾಸಿಗೆ ಹೋಗಿ, ಇದಕ್ಕೆ ಕೊಟ್ಟ ದುಡ್ಡು ದಂಡವಲ್ಲ.

5. ಕ್ಲಾಸ್ ಸೇರುವುದಾದರೆ ಏನು ಕೇಳಬೇಕು

ಹರಿಹರದ ಕಡೆಯ ತಂದೆಯೊಬ್ಬರು "ಸಾರ್, ಡಿಜಿಸಿಎ ಅಪ್ರೂವ್ಡ್ ಅಂತ ಬೋರ್ಡಲ್ಲೇ ಹಾಕವ್ರೆ, ಕಟ್ಟಿಬಿಡ್ಲಾ?" ಅಂತ ಕೇಳಿದ್ದರು. ಡಿಜಿಸಿಎ ಮಾನ್ಯತೆ ಕೊಡುವುದು ಹಾರಾಟ ಕಲಿಸುವ ಸಂಸ್ಥೆಗಳಿಗೆ, ಆ ಪಟ್ಟಿ ಅದರ ವೆಬ್‌ಸೈಟಿನಲ್ಲೇ ಇದೆ. ಬೋರ್ಡ್ ಬಿಡಿ, ಪಟ್ಟಿ ನೋಡಿ ಅಂದೆ.

ಒಂದೊಂದೇ ವಿಷಯಕ್ಕೆ ಸೇರಿಸಿಕೊಳ್ಳುತ್ತಾರಾ ಕೇಳಿ. ಬರೀ ಪೂರ್ತಿ ಪ್ಯಾಕೇಜ್ ಮಾತ್ರ ಅಂದರೆ ಬೇರೆ ಕಡೆ ನೋಡಿ. ನ್ಯಾವಿಗೇಶನ್ ಹೇಳುವವರು ಯಾರು, ಅವರ ಕ್ಲಾಸಿನಲ್ಲಿ ಒಂದು ದಿನ ಕೂರಬಹುದಾ ಕೇಳಿ. ಕೂತಾಗ ಹುಡುಗರು ಲೆಕ್ಕ ಮಾಡುತ್ತಿದ್ದಾರಾ, ಇಲ್ಲ ಮೇಷ್ಟ್ರು ಪ್ರಶ್ನೆಸಂಗ್ರಹದ ಉತ್ತರ ಓದಿ ಹೇಳುತ್ತಿದ್ದಾರಾ ಗಮನಿಸಿ. ಉತ್ತರ ಬಾಯಿಪಾಠ ಮಾಡಿ ಪಾಸಾದವರು ಉಂಟು. ಆಮೇಲೆ ಕಾಕ್‌ಪಿಟ್ಟಿನಲ್ಲಿ ಬೋಧಕರು ಅದನ್ನೇ ತಿರುಗಿಸಿ ಕೇಳುತ್ತಾರೆ. ಕಲಿಯದೇ ಬಿಟ್ಟದ್ದನ್ನು ಅಲ್ಲಿ ಗಂಟೆಗೆ ಸಾವಿರಾರು ರೂಪಾಯಿ ಕೊಟ್ಟು ಕಲಿಯಬೇಕು.

ಆನ್‌ಲೈನ್ ಕ್ಲಾಸ್ ನಮ್ಮಂಥ ಊರಿನವರಿಗೆ ಒಳ್ಳೆಯ ನಡುದಾರಿ. ಆದರೆ ನೇರ ಪ್ರಸಾರವೇ ಇರಲಿ. ರೆಕಾರ್ಡಿಂಗ್ ನಾಳೆ ನೋಡೋಣ ಅಂತ ಬಿಟ್ಟರೆ ಅದು ನಾಳೆಯಾಗೇ ಉಳಿಯುತ್ತದೆ.

6. ಪರೀಕ್ಷೆ ಮತ್ತು ಹಾರಾಟವನ್ನು ಹೊಂದಿಸುವುದು

ಎಲ್ಲ ಪೇಪರನ್ನೂ ಒಂದೇ ಸಲ ಕಟ್ಟಬೇಡಿ. ರೆಗ್ಯುಲೇಶನ್ಸ್ ಮತ್ತು ಹವಾಮಾನ ಮೊದಲು, ನ್ಯಾವಿಗೇಶನ್ ಒಂದೇ ಬೇರೆಯಾಗಿ, ಆಮೇಲೆ ಟೆಕ್ನಿಕಲ್. ಪಾಸಾದ ಫಲಿತಾಂಶಕ್ಕೂ ಅವಧಿ ಇದೆ. ಪರೀಕ್ಷೆ ಮುಗಿಸಿ ಸಾಲ ಹೊಂದಿಸಲು ವರ್ಷಗಟ್ಟಲೆ ಕೂತರೆ ಮತ್ತೆ ಬರೆಯಬೇಕಾದೀತು. ಬ್ಯಾಂಕಿಗೆ ಓಡಾಡುವುದು ಓದಿನ ಜೊತೆಗೇ ನಡೆಯಲಿ.

ಲೈಸೆನ್ಸಿಗೆ ಒಟ್ಟು 200 ಗಂಟೆ ಹಾರಾಟ ಬೇಕು, ಅದರಲ್ಲಿ 100 ಗಂಟೆ ನೀವೇ ಕಮಾಂಡಿನಲ್ಲಿ, ಅಂದರೆ ವಿಮಾನದ ಹೊಣೆ ಹೊತ್ತು. ರಾಜ್ಯದಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ಹಾರಾಟ ತರಬೇತಿ ಶಾಲೆ ಇದೆ. ಬೆಳಗಾವಿ, ಕಲಬುರಗಿ ನಿಲ್ದಾಣಗಳಲ್ಲೂ ತರಬೇತಿಗೆ ಜಾಗ ಕೊಟ್ಟಿದ್ದಾರೆ. ಸೇರುವ ಮುಂಚೆ ಹೋಗಿ ಎಷ್ಟು ವಿಮಾನ ನಿಜವಾಗಿ ಹಾರುತ್ತಿವೆ ಅಂತ ಕಣ್ಣಾರೆ ನೋಡಿ. ಅಲ್ಲಿ ಓದುತ್ತಿರುವ ಹುಡುಗರ ಜೊತೆ ಹೊರಗೆ ಟೀ ಕುಡಿಯುತ್ತಾ ಮಾತಾಡಿ. ಆಫೀಸಿನಲ್ಲಿ ಹೇಳದ್ದು ಅಲ್ಲಿ ಗೊತ್ತಾಗುತ್ತದೆ.

ನನ್ನ ಸಲಹೆ ಕೇಳಿದರೆ ರೆಗ್ಯುಲೇಶನ್ಸ್, ಹವಾಮಾನ, ನ್ಯಾವಿಗೇಶನ್ ಮೂರನ್ನು ಮುಗಿಸಿಯೇ ಹಾರಾಟಕ್ಕೆ ಹೋಗಿ. ಮಳೆಗಾಲದಲ್ಲಿ ಹಾರಾಟ ನಿಂತ ದಿನಗಳಿಗೆ ಟೆಕ್ನಿಕಲ್ ಸ್ಪೆಸಿಫಿಕ್ ಇಟ್ಟುಕೊಳ್ಳಿ. ಹಾರಾಟ ಸಂಸ್ಥೆಯ ಶುಲ್ಕದಲ್ಲೇ ಥಿಯರಿ ಪಾಠ ಸೇರಿದೆಯಾ ಅಂತ ಬರಹದಲ್ಲಿ ಕೇಳಿ. ಸೇರಿದ್ದರೆ, ಅದೇ ವಿಷಯಕ್ಕೆ ಹೊರಗಿನ ಕೋಚಿಂಗಿಗೆ ಇನ್ನೊಮ್ಮೆ ಕಟ್ಟುವ ಮುಂಚೆ ಅಲ್ಲಿನ ಪಾಠ ಹೇಗಿದೆ ಅಂತ ಆ ಹುಡುಗರನ್ನೇ ವಿಚಾರಿಸಿ.